ಕಾಂಡಕೊರಕಿಯ ಮುಖ ಯಾರದು?

ಮೀಸೆ ಹೊತ್ತ ಗಂಡಸೊಬ್ಬ ಹೆಂಡತಿಯ ನೇರಳೆ ಸೀರೆಯನ್ನು ತಲೆಯ ಮೇಲೆ ಹೊದ್ದು, ಎಡಗೈ ತೋರುಬೆರಳನ್ನು ಮೂಗಿನ ಕೆಳಗೆ ಅಡ್ಡ ಇಟ್ಟುಕೊಂಡು, ಬೀರುವಿನ ಕನ್ನಡಿಯ ಮುಂದೆ ಓರೆಗಣ್ಣು ಬಿಡುತ್ತಿದ್ದರೆ ನೋಡಿದವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಇಲ್ಲವೇ ಡಾಕ್ಟರಿಗೆ ಫೋನ್ ಮಾಡುತ್ತಾರೆ. ನಾಗೇಶ್ವರ ಮೇಷ್ಟ್ರ ಗ್ರಹಚಾರವೆಂದರೆ, ಬೇಸಿಗೆ ರಜೆ ಪೂರ್ತಿ ಅವರು ಹೀಗೆ ನಿಂತಿದ್ದರೂ ಒಬ್ಬರೂ ನೋಡಲಿಲ್ಲ. ಯಾರಾದರೂ ನೋಡಿ ನಕ್ಕುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿದು, ಮಡಿಕೇರಿಯ ಒಂದು ಬೀದಿಯ ನೆಮ್ಮದಿ ಉಳಿಯುತ್ತಿತ್ತು.

ಮೇಷ್ಟ್ರು ಹಾಗೆ ನಿಂತಿದ್ದು ಹುಚ್ಚಿಗಲ್ಲ, ಕಲೆಗೆ. ಎರಡಕ್ಕೂ ಬಹಳ ಅಂತರವಿಲ್ಲ ಎನ್ನುವವರೂ ಇದ್ದಾರೆ, ಇರಲಿ. ಅವರ ಅಜ್ಜ ಅರ್ಚಕರು, ತಂದೆಯೂ ಅರ್ಚಕರು. ಇವರಿಗೆ ಮಂತ್ರಕ್ಕೆ ನಾಲಿಗೆ ಹೊರಳಲಿಲ್ಲವೆಂದು ಮನೆಯವರು ಕೈಗೆ ಕುಂಚ ಕೊಟ್ಟರು. ಕುಂಚವೂ ಅಂಥಾದ್ದೇನೂ ಹೊರಳಲಿಲ್ಲ, ಆದರೆ ಮಂತ್ರ ತಪ್ಪಿದರೆ ದೇವರಿಗೆ ಗೊತ್ತಾಗುತ್ತದೆ, ಚಿತ್ರ ತಪ್ಪಿದರೆ ಎಂಟನೇ ಕ್ಲಾಸಿನ ಮಕ್ಕಳಿಗೆ ಮಾತ್ರ. ಹೀಗೆ ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದರು.

ಮಡಿಕೇರಿ ದಸರಾದಲ್ಲಿ ದೇವರು ರಾಕ್ಷಸರನ್ನು ಕೊಲ್ಲುವ ಕಥೆ ಹೊತ್ತ ಹತ್ತು ಮಂಟಪಗಳು ಮೆರವಣಿಗೆ ಹೊರಡುತ್ತವಲ್ಲ, ಅವುಗಳಲ್ಲೊಂದು ಇವರ ಬೀದಿಯದು. ಯಾವುದೆಂದು ಹೇಳಿದರೆ ಬಹುಮಾನ ಬರದ ವರ್ಷಗಳ ಮಾತೂ ಹೇಳಬೇಕಾಗುತ್ತದೆ, ಬೇಡ. ಮಂಟಪದಲ್ಲಿ ದೇವರ ಮೂರ್ತಿ ಮಾಡಲು ಹೊರಗಿನಿಂದ ಕಲಾವಿದರು ಬರುತ್ತಾರೆ. ರಾಕ್ಷಸರ ಮುಖಕ್ಕೆ ಬಣ್ಣ ಹಚ್ಚುವ ಕೆಲಸ ಮಾತ್ರ ಇಪ್ಪತ್ತು ವರ್ಷಗಳಿಂದ ನಾಗೇಶ್ವರ ಮೇಷ್ಟ್ರದು. ಈ ಹಂಚಿಕೆ ಮಾಡಿದವರು ಸಮಿತಿಯ ಅಧ್ಯಕ್ಷರೂ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರೂ ಆದ ಕೀರ್ತಿಕುಮಾರ್.

"ದೇವರ ಮೂಗು ಸೊಟ್ಟ ಆದ್ರೆ ಊರೇ ಕೇಳ್ತದೆ ಮಾಸ್ಟ್ರೇ. ರಾಕ್ಷಸನ ಮೂಗು ಸೊಟ್ಟ ಇದ್ದಷ್ಟೂ ಒಳ್ಳೇದು. ಅದು ನಿಮ್ಮ ಕೈಗೆ ಸರಿಯಾಗ್ತದೆ" ಎಂದು ಅವರು ಹೇಳಿದ್ದನ್ನು ಮೇಷ್ಟ್ರು ಮೆಚ್ಚುಗೆಯೆಂದೇ ತಿಳಿದಿದ್ದರು.

ಇಪ್ಪತ್ತು ವರ್ಷ ಹಲ್ಲು ಬಿಡಿಸಿ, ಕಣ್ಣು ಕೆಂಪು ಮಾಡಿ, ಕೋಡು ನೆಟ್ಟು ಬೆಳೆಸಿದ ರಾಕ್ಷಸರು ವರ್ಷಕ್ಕೊಮ್ಮೆ ಮೇಷ್ಟ್ರ ಕಣ್ಣೆದುರೇ ಸಾಯುತ್ತಿದ್ದರು. ಜನ ಶಿಳ್ಳೆ ಹೊಡೆಯುತ್ತಿದ್ದರು. ಸಾಕಿದ ಕರುಳು, ಚುರುಗುಟ್ಟದೇ ಇರುತ್ತದೆಯೇ? ದೇವರು ಒಂದು ಸಲವಾದರೂ ಈ ರಾಕ್ಷಸರನ್ನು ಕೂರಿಸಿಕೊಂಡು ಎರಡು ಮಾತಾಡಬಾರದೇ, ಎಂದು ಅವರಿಗೆ ಅನ್ನಿಸುತ್ತಿತ್ತು. ಆ ಅನ್ನಿಸಿಕೆಯೇ ಬಲಿತು, ಕೊಡಗಿನ ಮೊದಲ ಸೂಪರ್‌ಹೀರೋ ಕಾಮಿಕ್ಸ್ ಪುಸ್ತಕವಾಗಿ ಹೊರಬಂತು. ಮೊದಲನೆಯದು ಎಂಬುದು ಮೇಷ್ಟ್ರ ಹೇಳಿಕೆ. ಎದುರು ಹೇಳಲು ಬೇರೆ ಯಾರೂ ಇರಲಿಲ್ಲ.

ಹೀರೋ ಹೆಸರು ಮಂಜುವೀರ. ಕೈ ಎತ್ತಿದರೆ ಸಾಕು, ಊರಿನ ಮೇಲೆ ಮಂಜು ಕವಿಯುತ್ತದೆ. ಮಡಿಕೇರಿಯಲ್ಲಿ ಯಾರು ಕೈ ಎತ್ತಿದರೂ ಎತ್ತದಿದ್ದರೂ ಮಂಜು ಕವಿಯುತ್ತದೆಯಾದ್ದರಿಂದ ಇವನ ಶಕ್ತಿ ಕೊನೆಯ ಪುಟದವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಮೂಗು ಬಿಡಿಸುವುದು ಕಷ್ಟವೆಂದು ಮೇಷ್ಟ್ರು ಅವನ ಮುಖಕ್ಕೆ ಮಂಕಿ ಟೋಪಿ ಇಳಿಸಿದ್ದರು. ವಿಲನ್ ಹೆಸರು ಕಾಂಡಕೊರಕಿ. ಅರೇಬಿಕಾ ಕಾಫಿ ಗಿಡದ ಕಾಂಡದೊಳಗೆ ಕೂತು ಗಿಡವನ್ನು ಒಳಗಿಂದೊಳಗೇ ಕೊರೆಯುವ, ಎಸ್ಟೇಟಿನವರೆಲ್ಲ ಬೋರರ್ ಎಂದು ಶಪಿಸುವ ಹುಳುವಿನ ಮಹಾರಾಣಿ. ಅವಳನ್ನು ಸುಟ್ಟುಹಾಕಲು ಹೊರಟ ಮಂಜುವೀರ, ಅವಳು ಕಣ್ಣೀರು ಹಾಕಿದ ಕೂಡಲೇ ಕರಗಿ, ಎರಡೇ ಪುಟದಲ್ಲಿ ಪ್ರೇಮ ನಿವೇದನೆ ಮಾಡಿ, ಕಡೆಗೆ ತಾನೇ ಕಾಫಿ ಕಾಸಿ ಅವಳಿಗೆ ಕೊಡುತ್ತಾನೆ.

ಕಥೆ ಹೀಗೆ ಸಲೀಸಾಗಿ ಬಂತು. ತೊಡಕಾದದ್ದು ಕಾಂಡಕೊರಕಿಯ ಮುಖ. ಇಪ್ಪತ್ತು ವರ್ಷ ಕೋರೆಹಲ್ಲು ಬಿಡಿಸಿದ ಕೈಗೆ ಹೆಣ್ಣಿನ ಮುಖ ಒಲಿಯಲಿಲ್ಲ. ಆಗ ಮೇಷ್ಟ್ರು ಕೋಣೆಯ ಬಾಗಿಲಿಗೆ ಅಗಳಿ ಹಾಕಿ, ಸೀರೆ ಹೊದ್ದು, ಮೀಸೆಗೆ ಬೆರಳು ಮುಚ್ಚಿ, ತಮ್ಮ ಮುಖವನ್ನೇ ನೋಡಿಕೊಂಡು ಬಿಡಿಸಿದರು. ಎಡಗೈ ಬೆರಳು ತೆಗೆದರೆ ಮೀಸೆ ಇಣುಕುತ್ತಿದ್ದರಿಂದ ಚಿತ್ರದಲ್ಲೂ ಬೆರಳು ಹಾಗೇ ಉಳಿಯಿತು. ಪುಸ್ತಕದ ಉದ್ದಕ್ಕೂ ಕಾಂಡಕೊರಕಿ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಸಿಟ್ಟಾಗುತ್ತಾಳೆ, ಅಳುತ್ತಾಳೆ, ನಾಚುತ್ತಾಳೆ. ಈ ನಡುವೆ ಸೀರೆಯ ಸೆರಗಿಗೆ ಕಪ್ಪು ಶಾಯಿ ಬಿತ್ತು. ಮೇಷ್ಟ್ರು ಅದನ್ನು ಒಳಮಡಿಕೆಗೆ ತಿರುಗಿಸಿ ಬೀರುವಿನ ತಳದಲ್ಲಿಟ್ಟು, ಆಮೇಲೆ ಹೇಳಿದರಾಯಿತು ಎಂದುಕೊಂಡರು.

ಪ್ರಿಂಟ್ ಮಾಡಿದ್ದು ಸುಂಟಿಕೊಪ್ಪದ ಸುನಿಲ್. ಅವನ ಪ್ರೆಸ್ಸಿನಲ್ಲಿ ಅದುವರೆಗೆ ಮದುವೆ ಕಾಗದ, ಗೃಹಪ್ರವೇಶದ ಕಾಗದ, ತಿಥಿ ಕಾರ್ಡು ಬಿಟ್ಟು ಬೇರೇನೂ ಅಚ್ಚಾಗಿರಲಿಲ್ಲ.

"ಪ್ರಕಾಶಕರು ಯಾರು ಸಾರ್?" ಎಂದ.

"ಯಾರೂ ಒಪ್ಪಲಿಲ್ಲ."

"ಹಂಗಾದ್ರೆ ಇಂಡಿಪೆಂಡೆಂಟ್ ಕಾಮಿಕ್ಸ್. ಈಗ ಅದಕ್ಕೇ ಡಿಮಾಂಡು" ಎಂದು ಸುನಿಲ್ ಧೈರ್ಯ ತುಂಬಿದ. ಧೈರ್ಯದ ಜೊತೆಗೆ, ಕೈ ಅಭ್ಯಾಸದಿಂದ, ಮುಖಪುಟದ ನೆತ್ತಿಗೆ 'ಶ್ರೀ ಗಣೇಶಾಯ ನಮಃ' ಎಂದೂ, ಕೊನೆಯ ಪುಟದಲ್ಲಿ ಪ್ರೇಮಿಗಳ ಕೆಳಗೆ 'ಆಶೀರ್ವಾದವೇ ಉಡುಗೊರೆ' ಎಂದೂ ಸೇರಿಸಿದ. ಪುಸ್ತಕಗಳು ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಚಿಪ್ಸು, ಜೇನುತುಪ್ಪದ ಪಕ್ಕ ಕೂತವು.

ಮೊದಲ ಓದುಗರು ಶುಕ್ರವಾರದ ಸಂತೆಯಲ್ಲಿ ಸಿಕ್ಕರು. ಬಿಟ್ಟಂಗಾಲದಲ್ಲಿ ಕಾಫಿ ತೋಟ ನಡೆಸುವ ತಂಗಮ್ಮ. ಅವರ ಮಗ ಮೇಷ್ಟ್ರ ಹಳೆಯ ವಿದ್ಯಾರ್ಥಿ. ಮೇಷ್ಟ್ರು ಮೆಚ್ಚುಗೆ ಸ್ವೀಕರಿಸಲು ಅಂಗಿಯ ಕಾಲರು ಸರಿಮಾಡಿಕೊಂಡರು.

"ಎಂತ ಮಾಸ್ಟ್ರೇ, ನಿಮಗೆ ಬುದ್ಧಿ ಉಂಟಾ? ಬೋರರ್ ಜೊತೆ ಲವ್ವಾ? ನಾನು ಈ ವರ್ಷ ತೋಟದ ಒಂದು ಪಟ್ಟಿ ಪೂರಾ ಕಿತ್ತು ಸುಟ್ಟಿದ್ದೀನಿ. ಸುಡುವಾಗ ಕಣ್ಣಲ್ಲಿ ನೀರು ಬಂತು. ನಿಮ್ಮ ಹೀರೋ ಅದಕ್ಕೆ ಕಾಫಿ ಮಾಡಿ ಕೊಡ್ತಾನಲ್ಲ!"

"ಅದು ಕಥೆ ತಂಗಮ್ಮೋರೇ. ದುಷ್ಟರಲ್ಲೂ ಒಂದು ಹೃದಯ..."

"ಬೋರರಿಗೆ ಹೃದಯ ಇಲ್ಲ, ಬರೀ ಬಾಯಿ. ಇರ್ಲಿ, ಮುಖ ಮಾತ್ರ ಸರಿಯಾಗಿ ಬರ್ದಿದ್ದೀರಿ. ನೋಡಿದ ಕೂಡ್ಲೇ ಗೊತ್ತಾಯ್ತು ನಂಗೆ."

ಮೇಷ್ಟ್ರ ಕೈ ತಾನಾಗಿ ಮೀಸೆಗೆ ಹೋಯಿತು.

"ಯಾ... ಯಾರದು ಅಂತ?"

"ಇನ್ಯಾರು, ಬ್ಯಾಂಕಿನ ಆ ಹೊಸ ಮೇಡಂ! ಮಾಳವಿಕಾ. ಹಂಗೇ ಬೆರಳಿಟ್ಕೊಂಡು ಕೂರ್ತಾರೆ. ನಮ್ದು ಜಮ್ಮ ಜಾಗ, ತಲೆತಲಾಂತರದ್ದು, ಆರ್‌ಟಿಸಿಲಿ ಮುತ್ತಜ್ಜನ ಹೆಸರು. ಸಾಲ ಕೇಳಿದ್ರೆ ಅವರ ಸೈನು ಬೇಕು ಅಂತಾರೆ. ಮುತ್ತಜ್ಜನ್ನ ಎಲ್ಲಿಂದ ತರೋದು? ನೀವು ಒಳ್ಳೆ ಕೆಲಸ ಮಾಡಿದ್ರಿ, ಅವರನ್ನ ಬೋರರ್ ಮಾಡಿದ್ದು!"

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ತಮ್ಮ ಗುಟ್ಟು ಹೊರಬೀಳಲಿಲ್ಲವಲ್ಲ ಎಂಬ ಸಂತೋಷದಲ್ಲಿ ಅವರು 'ಅಲ್ಲ' ಎನ್ನುವುದನ್ನು ಮರೆತು ಸುಮ್ಮನೆ ನಕ್ಕರು. ಆ ಒಂದು ನಗುವಿಗೆ ಆಮೇಲೆ ಅವರು ತೆತ್ತ ಬೆಲೆ ಯಾವ ಹಲ್ಲಿನ ಡಾಕ್ಟರೂ ಕೇಳಿರಲಾರ.

ಮಾಳವಿಕಾ ಮೈಸೂರಿನಿಂದ ವರ್ಗವಾಗಿ ಬಂದು, ಮೇಷ್ಟ್ರ ಎದುರುಮನೆಯಲ್ಲೇ ಬಾಡಿಗೆಗಿದ್ದ ಹುಡುಗಿ. ಕಾಗದ ಪತ್ರ ಓದುವಾಗ ಮೇಲ್ತುಟಿಯ ಮೇಲೆ ಬೆರಳಿಡುವುದು ಅವಳ ಅಭ್ಯಾಸ. ಅದು ಬಿಟ್ಟರೆ ಕಾಂಡಕೊರಕಿಗೂ ಅವಳಿಗೂ ಸಾಸಿವೆ ಕಾಳಿನಷ್ಟೂ ಹೋಲಿಕೆಯಿರಲಿಲ್ಲ. ಆದರೆ ಊರಿಗೆ ಒಂದು ಬೆರಳು ಕೊಟ್ಟರೆ ಸಾಕು, ಉಳಿದ ದೇಹವನ್ನು ಅದೇ ಜೋಡಿಸಿಕೊಳ್ಳುತ್ತದೆ. ವಾರ ಕಳೆಯುವಷ್ಟರಲ್ಲಿ ಕೊಡಗಿನ ತುದಿಯ ಬಾಳೆಲೆಯಿಂದ ಸುಂಟಿಕೊಪ್ಪದವರೆಗೆ ವಾಟ್ಸ್ಯಾಪಿನಲ್ಲಿ ಎರಡು ಚಿತ್ರ ಅಕ್ಕಪಕ್ಕ ಓಡಾಡಿದವು. ಎಡಕ್ಕೆ ಕಾಂಡಕೊರಕಿ, ಬಲಕ್ಕೆ ಕೌಂಟರಿನ ಹಿಂದೆ ಬೆರಳಿಟ್ಟು ಕೂತ ಮಾಳವಿಕಾ. ಕೆಳಗೆ ಯಾರೋ ಪುಣ್ಯಾತ್ಮರು 'ಎದುರುಮನೆಯ ಪ್ರೇಮಕಥೆ' ಎಂದು ಬರೆದಿದ್ದರು.

ಚಿತ್ರ ತಾಲ್ಲೂಕು ಖಜಾನೆಗೂ ತಲುಪಿತು. ಅಲ್ಲಿ ಕೆಲಸ ಮಾಡುತ್ತಿದ್ದವರು ಮೇಷ್ಟ್ರ ಹೆಂಡತಿ ತ್ರಿಪುರಸುಂದರಿ. ಪೂರ್ತಿ ಹೆಸರು ಕರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ಮೇಷ್ಟ್ರು ಅವರನ್ನು ಸುಂದರೀ ಎನ್ನುತ್ತಿದ್ದರು. ಆ ಸಂಜೆ ಸುಂದರಿ ಆಫೀಸಿನಿಂದ ಬಂದವರು ಕಾಲು ತೊಳೆಯಲಿಲ್ಲ. ಪುಸ್ತಕವನ್ನು ಊಟದ ಮೇಜಿನ ಮೇಲೆ ಹರಡಿದರು.

"ಇದು ಯಾರು?"

"ಕಾಂಡಕೊರಕಿ."

"ಹೆಸರು ಕೇಳ್ಲಿಲ್ಲ. ಮುಖ ಯಾರದ್ದು ಅಂತ ಕೇಳಿದ್ದು."

"ಯಾರದ್ದೂ ಅಲ್ಲ. ಕಲ್ಪನೆ."

"ಕಲ್ಪನೆ! ಇಪ್ಪತ್ತೆರಡು ವರ್ಷದಿಂದ ನನ್ನ ಹುಟ್ಟಿದಹಬ್ಬಕ್ಕೆ ಪ್ಲಾಸ್ಟಿಕ್ ಡಬ್ಬಿ ತಂದ್ಕೊಡ್ತಿದ್ದೀರಿ. ಬಣ್ಣ ಕೂಡ ಬದಲಾಗ್ಲಿಲ್ಲ. ನಿಮಗೆ ಕಲ್ಪನೆ ಯಾವಾಗ ಬಂತು?"

ನಿಜ ಮೇಷ್ಟ್ರ ನಾಲಿಗೆಯ ತುದಿಗೆ ಬಂತು. ಹೇಳಿದರೆ ಸೀರೆಯ ಮಾತು ಬರುತ್ತದೆ. ಸೀರೆ ಬಂದರೆ ಶಾಯಿ ಬರುತ್ತದೆ. ಶಾಯಿ ಹೋಗಲಿ, ನಲವತ್ತೆಂಟು ವರ್ಷದ ಗಂಡಸು, ನಾಲ್ಕು ಜನರಿಂದ ಮೇಷ್ಟ್ರೇ ಎಂದು ಕೈಮುಗಿಸಿಕೊಳ್ಳುವವನು, ಕನ್ನಡಿಯ ಮುಂದೆ ನಾಚಿಕೊಂಡು ನಿಂತಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ಬಿಸಿತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಕಲಾವಿದನನ್ನು ಹೀಗೆಲ್ಲ ಪ್ರಶ್ನೆ ಮಾಡಬಾರದು ಸುಂದರೀ" ಎಂದರು ಗಂಭೀರವಾಗಿ.

ಕಲಾವಿದರ ಹೆಂಡತಿ ಬ್ಯಾಗು ತುಂಬಿಸಿದರು. "ನಾಳೆಯಿಂದ ಕುಶಾಲನಗರದ ಅಣ್ಣನ ಮನೆಯಿಂದ್ಲೇ ಆಫೀಸಿಗೆ ಬರ್ತೀನಿ. ಬೇಕಾದಷ್ಟು ಬಸ್ಸಿದೆ. ಆ ಮುಖ ಯಾರದ್ದು ಅಂತ ಹೇಳೋ ದಿನ ಫೋನ್ ಮಾಡಿ. ಅದಕ್ಕೆ ಮೊದ್ಲು ಮಾಡ್ಬೇಡಿ."

ಮೇಷ್ಟ್ರು ಫೋನ್ ಮಾಡಲಿಲ್ಲ. ಉಪ್ಪು ಎಲ್ಲಿದೆಯೆಂದು ಕೇಳಲು ಮಾತ್ರ ಒಮ್ಮೆ ಮಾಡಿದರು. ಆ ಕಡೆಯಿಂದ ಕಟ್ ಆಯಿತು. ಉಪ್ಪಿಲ್ಲದ ಸಾರು ತಿಂದು ಅವರು ತಮ್ಮ ಮರ್ಯಾದೆಯನ್ನು ಕಾಪಾಡಿಕೊಂಡರು.

ಮೂರನೆಯ ದಿನ ಎದುರುಮನೆಯ ಮಾಳವಿಕಾ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾಮ್ಮಾ ಎನ್ನಲು ಮೇಷ್ಟ್ರಿಗೆ ಭಯ, ಬೇಡ ಎನ್ನಲು ಸಂಕೋಚ. ಬೀದಿಯ ಕಿಟಕಿಗಳೆಲ್ಲ ಸದ್ದಿಲ್ಲದೆ ತೆರೆದುಕೊಂಡವು.

"ಸರ್, ಬ್ಯಾಂಕಲ್ಲಿ ಕೂರೋಕಾಗ್ತಿಲ್ಲ. ನಿನ್ನೆ ಒಬ್ರು ಪಾಸ್‌ಬುಕ್ ಬದ್ಲು ನಿಮ್ಮ ಪುಸ್ತಕ ಕೊಟ್ಟು ಎಂಟ್ರಿ ಹಾಕಿ ಅಂದ್ರು. ಎಲ್ರೂ ನಕ್ರು. ಮ್ಯಾನೇಜರು ನನ್ನ ಹತ್ರ ಗೋಡೆ ನೋಡ್ಕೊಂಡು ಮಾತಾಡ್ತಾರೆ. ಬಂದು ಆರು ತಿಂಗಳಾಗಿಲ್ಲ, ಟ್ರಾನ್ಸ್‌ಫರ್ ಕೇಳಿದ್ದೀನಿ. ಅದು ನಾನಲ್ಲ ಅಂತ ನೀವೊಂದು ಮಾತು ಹೇಳ್ಬಾರ್ದಾ?" ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಷ್ಟ್ರು ಕೆಟ್ಟವರಲ್ಲ, ಪುಕ್ಕಲರು ಅಷ್ಟೇ. ಕೆಟ್ಟವರಿಂದ ಆಗುವ ತೊಂದರೆಗೆ ಒಂದು ಮಿತಿಯಿದೆ, ಪುಕ್ಕಲರಿಂದ ಆಗುವುದಕ್ಕೆ ಇಲ್ಲ.

"ನಾಳೆಯೇ ಹೇಳ್ತೀನಮ್ಮ. ಲಿಖಿತವಾಗಿ ಹೇಳ್ತೀನಿ" ಎಂದರು.

ಸುಂಟಿಕೊಪ್ಪಕ್ಕೆ ಹೋಗಿ ಸುನಿಲನ ಕೈಲಿ ಚೀಟಿ ಅಚ್ಚು ಹಾಕಿಸಿದರು. ಉಳಿದ ಪುಸ್ತಕಗಳ ಮುಖಪುಟಕ್ಕೆಲ್ಲ ಅಂಟಿಸಿ, ಬಸ್ ಸ್ಟ್ಯಾಂಡಿನ ಕಂಬಕ್ಕೂ ನಾಲ್ಕು ಹಚ್ಚಿಸಿದರು. 'ಸಾರ್ವಜನಿಕರ ಗಮನಕ್ಕೆ: ಈ ಪುಸ್ತಕದ ನಾಯಕಿಗೂ ಬ್ಯಾಂಕಿನ ಕುಮಾರಿ ಮಾಳವಿಕಾ ಅವರಿಗೂ ಯಾವುದೇ ಸಂಬಂಧವಿರುವುದಿಲ್ಲ. ಲೇಖಕರಿಗೂ ಅವರಿಗೂ ಸಹ ಇರುವುದಿಲ್ಲ. ಬಂಧುಗಳು ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಬೇಕಾಗಿ ವಿನಂತಿ.' ಕೊನೆಯ ಸಾಲು ಸುನಿಲನ ಕೈ ಅಭ್ಯಾಸದ್ದು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಅದುವರೆಗೆ ಗೊತ್ತಿಲ್ಲದವರಿಗೂ ಗೊತ್ತಾಯಿತು. ಕೇಳದೇ ಇರುವಾಗ ಯಾಕಪ್ಪಾ ಇಲ್ಲ ಅನ್ನುತ್ತಾನೆ, ಎಂದು ಜನ ಪುಸ್ತಕ ಕೊಂಡು ಓದಿದರು. ಮಂಜುವೀರನಿಗಿಂತ ಚೀಟಿಗೆ ಹೆಚ್ಚು ಓದುಗರು ಸಿಕ್ಕರು.

ಕೀರ್ತಿಕುಮಾರ್ ಭಾನುವಾರ ಸಂಜೆ ಮಂಟಪ ಸಮಿತಿಯ ತುರ್ತು ಸಭೆ ಕರೆದರು. ದಸರಾ ಹತ್ತಿರವಿತ್ತು. ನಮ್ಮ ರಾಕ್ಷಸರಿಗೆ ಬಣ್ಣ ಹಚ್ಚುವವರ ನಡತೆಯೇ ಪ್ರಶ್ನೆಯಾದರೆ ಜಡ್ಜುಗಳು ಅಂಕ ಕೊಡುತ್ತಾರೆಯೇ ಎಂಬುದು ಅವರ ಚಿಂತೆ. ನಿವೃತ್ತರಾದರೂ ಕಂದಾಯ ಇಲಾಖೆ ಅವರನ್ನು ಬಿಟ್ಟಿರಲಿಲ್ಲ. ಎರಡೂ ಪಾರ್ಟಿಯವರು ಹಾಜರಿರಬೇಕೆಂದು ತ್ರಿಪುರಸುಂದರಿಗೂ ಮಾಳವಿಕಾಗೂ ಹೇಳಿಕಳಿಸಿದ್ದರು. ಬೋರರಿನಿಂದ ನೊಂದವರ ಪರವಾಗಿ ತಂಗಮ್ಮ ತಾವಾಗಿಯೇ ಬಂದರು. ಸುನಿಲ್ ಮುದ್ರಕನೆಂಬ ಕಾರಣಕ್ಕೆ ಬಂದ. ಬೀದಿಯವರು ಕಾರಣವಿಲ್ಲದೆ ಬಂದರು. ಸಭೆ ಸೇರಿದ್ದ, ಮಂಟಪ ಕಟ್ಟುವ ಶೆಡ್ಡಿನ ಗೋಡೆಗೆ ಒರಗಿಸಿದ್ದ, ಇನ್ನೂ ಹಲ್ಲು ಮೂಡದ ರಾಕ್ಷಸರ ತಲೆಗಳು ಮೇಷ್ಟ್ರನ್ನು ದಿಟ್ಟಿಸಿ ನೋಡುತ್ತಿದ್ದವು.

ಸುಂದರಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಎಂಟು ಗಂಟೆಗೆ ಕುಶಾಲನಗರದ ಬಸ್ಸಿದೆ ಎಂದು ಮೊದಲೇ ಹೇಳಿ ಕೂತರು. ಒಂದೇ ವಾರದಲ್ಲಿ ಅವರ ಮುಖ ಬಾಡಿತ್ತು. ಆಚೆ ಮೂಲೆಯಲ್ಲಿ ಮಾಳವಿಕಾ ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು, ಅಪ್ಪಿತಪ್ಪಿ ಬೆರಳು ತುಟಿಗೆ ಹೋದೀತೆಂದು. ಅದನ್ನು ನೋಡಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ಕರೆಯುವ ಮುಂಚೆ ಎದ್ದು ನಿಂತರು.

"ಆ ಮುಖ ಮಾಳವಿಕಾ ಅವರದ್ದಲ್ಲ. ಅದು... ಅದು ನಂದು."

ಹಿಂದೆ ಕೂತವರು ಸರಿಯಾಗಿ ಕೇಳಿಸಿತೇ ಎಂದು ಮುಂದಕ್ಕೆ ಬಾಗಿದರು.

"ನಾನೇ ಸೀರೆ ಹೊದ್ಕೊಂಡು, ಮೀಸೆಗೆ ಬೆರಳು ಅಡ್ಡ ಇಟ್ಕೊಂಡು, ಕನ್ನಡಿ ನೋಡಿ ಬಿಡಿಸಿದ್ದು. ಸುಂದರೀ, ನಿನ್ನ ನೇರಳೆ ಸೀರೆ ಸೆರಗಲ್ಲಿ ಶಾಯಿ ಕಲೆ ಇದೆ. ಅದೂ ನಂದೇ."

ಇಷ್ಟು ಹೇಳಿ ಅವರು ಕಣ್ಣು ಮುಚ್ಚಿ, ನಗುವಿನ ಸುರಿಮಳೆಗೆ ತಲೆಯೊಡ್ಡಿದರು. ಮಳೆ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಕೀರ್ತಿಕುಮಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ನನ್ನ ಸರ್ವೀಸಲ್ಲಿ ಇಂಥಾ ಹೇಳಿಕೆ ಕೇಳಿಲ್ಲ ಮಾಸ್ಟ್ರೇ" ಎಂದರು. "ಒಂದು ಹೆಣ್ಣುಮಗಳ ಮಾನ ಉಳಿಸ್ಲಿಕ್ಕೆ ತಾನೇ ಸೀರೆ ಉಟ್ಟೆ ಅಂತ ಒಪ್ಕೊಳ್ತಾರಲ್ಲ! ಇದಕ್ಕಿಂತ ದೊಡ್ಡ ತ್ಯಾಗ ಉಂಟಾ?"

"ಪಾಪ, ಅಷ್ಟೊಂದು ಪ್ರೀತಿ ಇತ್ತಾ!" ಎಂದು ತಂಗಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ನಾನು ಸುಮ್ನೆ ಬೈದೆ ನಿಮ್ಮನ್ನ."

"ತ್ಯಾಗ ಅಲ್ರೀ! ನಿಜ!" ಎಂದು ಮೇಷ್ಟ್ರು ಕೂಗಿದರು.

"ತ್ಯಾಗಿಗಳೆಲ್ಲ ಹಂಗೇ ಹೇಳೋದು" ಎಂದ ಸುನಿಲ್.

ಮಾಳವಿಕಾ ಧಡಕ್ಕನೆ ಎದ್ದಳು. "ನಂಗೆ ಯಾರ ತ್ಯಾಗನೂ ಬೇಡ! ಇವರ ಹತ್ರ ನಾನು ಮಾತಾಡಿರೋದೇ ಒಂದು ಸಲ. ಅದೂ ಬಾಗಿಲಾಚೆ ನಿಂತು!"

ಸುಂದರಿಯೂ ಎದ್ದರು. "ಇಪ್ಪತ್ತೆರಡು ವರ್ಷದಲ್ಲಿ ನಂಗೋಸ್ಕರ ಒಂದು ಸುಳ್ಳು ಹೇಳಿಲ್ಲ ಇವರು. ನನ್ನ ಸೀರೆನೂ ಎಳ್ಕೊಂಡು ಬಂದ್ರಲ್ಲ ಇದಕ್ಕೆ. ನಾನು ಬಸ್ಸಿಗೆ ಹೋಗ್ತೀನಿ."

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾವೆಲ್ಲ ಕಂಡಿದ್ದೇವೆ. ನಿಜ ಹೇಳಿ ಸಿಕ್ಕಿಬೀಳುವ ಯೋಗ ನಾಗೇಶ್ವರ ಮೇಷ್ಟ್ರಿಗೇ ಬರಬೇಕಿತ್ತೇನೋ. ಹೆಂಡತಿ ಬ್ಯಾಗು ಹೆಗಲಿಗೇರಿಸುವುದನ್ನು ನೋಡಿದರು. ಇನ್ನು ಉಳಿದಿದ್ದು ಒಂದೇ ದಾರಿ. ದಾನಿಗಳ ಸನ್ಮಾನಕ್ಕೆಂದು ಮೇಜಿನ ಮೇಲಿಟ್ಟಿದ್ದ ಜರಿ ಶಾಲನ್ನು ಎಳೆದು ತಲೆಯ ಮೇಲೆ ಹೊದ್ದರು. ಎಡಗೈ ಬೆರಳನ್ನು ಮೀಸೆಗೆ ಅಡ್ಡ ಇಟ್ಟರು. ಕುತ್ತಿಗೆ ಕೊಂಕಿಸಿ, ಎಡಹುಬ್ಬು ಏರಿಸಿ, ಇಡೀ ಸಭೆಯ ಮೇಲೆ ಒಂದು ಓರೆನೋಟ ಬಿಟ್ಟರು.

"ಅಯ್ಯಯ್ಯೋ! ಬೋರರ್!" ಎಂದು ತಂಗಮ್ಮ ಕುರ್ಚಿ ಹಿಂದಕ್ಕೆ ತಳ್ಳಿದರು.

ಶೆಡ್ಡು ಬಿದ್ದುಹೋಗುವಂತೆ ನಗು ಎದ್ದಿತು. ಕೀರ್ತಿಕುಮಾರ್ ಮಾತ್ರ ನಗಲಿಲ್ಲ. ಕಂದಾಯ ಇಲಾಖೆಯವರು ಒಂದು ನೋಟಕ್ಕೆ ಒಪ್ಪುವವರಲ್ಲ.

"ನಿಲ್ಲಿ, ನಿಲ್ಲಿ. ಇದು ಮಹಜರು ಆಗ್ಬೇಕು. ಪಂಚರ ಸಮಕ್ಷಮ, ಪುಟ ಪುಟ ತಾಳೆ ನೋಡ್ಬೇಕು" ಎಂದು ಪುಸ್ತಕ ಬಿಡಿಸಿದರು. "ಪುಟ ಮೂರು. ವಿಕಟ ನಗೆ."

ಮೇಷ್ಟ್ರು ವಿಕಟವಾಗಿ ನಕ್ಕರು.

"ಸರಿ ಉಂಟು. ಪುಟ ಐದು. ಉಗ್ರ ಕೋಪ. ಇನ್ನೂ ಸ್ವಲ್ಪ ಕತ್ತು ಎಡಕ್ಕೆ. ಹಾಂ. ಪುಟ ಏಳು, ಕಣ್ಣೀರು."

ಕಣ್ಣೀರಿಗೆ ಅಭಿನಯ ಬೇಕಾಗಲಿಲ್ಲ.

"ಪುಟ ಒಂಬತ್ತು. ಪ್ರೇಮ ನಿವೇದನೆ. ಇದಕ್ಕೆ ಹೀರೋ ಬೇಕಲ್ಲ?"

ಸುನಿಲ್ ಯಾರದೋ ಮಂಕಿ ಟೋಪಿ ತಗಲಿಸಿಕೊಂಡು ಬಂದು ಮೇಷ್ಟ್ರ ಮುಂದೆ ಮಂಡಿಯೂರಿದ. ಗೌರವಾನ್ವಿತರೂ, ಅರ್ಚಕ ಮನೆತನದವರೂ, ರಾಜ್ಯ ಸರ್ಕಾರದ ನೌಕರರೂ ಆದ ಮೇಷ್ಟ್ರು ರೆಪ್ಪೆ ಬಾಗಿಸಿ, ಭುಜ ಕುಗ್ಗಿಸಿ, ನೆಲ ನೋಡುತ್ತ ನಾಚಿದರು. ಮಾಳವಿಕಾ ನಕ್ಕು ನಕ್ಕು ಗೋಡೆಗೆ ಒರಗಿದ್ದಳು. ಕೈ ಮರೆತು, ಬೆರಳು ತುಟಿಯ ಮೇಲೆ ಹೋಗಿತ್ತು. ಯಾರೂ ಅವಳ ಕಡೆ ನೋಡಲಿಲ್ಲ.

"ಇದೊಂದು ಅಷ್ಟು ತಾಳೆ ಆಗುದಿಲ್ಲ" ಎಂದು ಕೀರ್ತಿಕುಮಾರ್ ಪುಸ್ತಕವನ್ನು ಹತ್ತಿರ ದೂರ ಹಿಡಿದು ನೋಡಿದರು. "ಚಿತ್ರದಲ್ಲಿ ಇನ್ನೂ ಚಿಕ್ಕ ಪ್ರಾಯದ ನಾಚಿಕೆ. ಇದು ಬೇರೆಯವರದ್ದೇ ಇರ್ಬೇಕು."

ಬಾಗಿಲ ಬಳಿ ನಿಂತಿದ್ದ ಸುಂದರಿ ಮುಂದೆ ಬಂದರು. ಪುಸ್ತಕ ತೆಗೆದುಕೊಂಡು ಪುಟ ಒಂಬತ್ತನ್ನು ನೋಡಿದರು. ಶಾಲು ಹೊದ್ದ ಗಂಡನನ್ನು ನೋಡಿದರು. ಮತ್ತೆ ಪುಟವನ್ನು ನೋಡಿದರು.

"ಇದು ಇವರೇ" ಎಂದರು.

"ಹೇಗೆ ಹೇಳ್ತೀರಿ ಅಮ್ಮಾ?"

"ಹೆಣ್ಣು ನೋಡೋಕೆ ಬಂದ ದಿವಸ ನಮ್ಮನೇ ಜಗಲೀಲಿ ಹೀಗೇ ಕೂತಿದ್ರು. ಹುಡುಗಿ ಒಪ್ಪಿಗೆನಾ ಅಂತ ನಮ್ಮಪ್ಪ ಕೇಳಿದ್ದಕ್ಕೆ ಇದೇ ಮುಖ ಮಾಡಿದ್ರು. ಇವರ ನಾಚಿಕೆ ನೋಡಿ ನಂಗೆ ನಾಚ್ಕೊಳ್ಳೋಕೆ ಪುರುಸೊತ್ತೇ ಸಿಗ್ಲಿಲ್ಲ. ನೋಡಿರೋಳು ನಾನು, ನಂಗೆ ಗೊತ್ತಿಲ್ವಾ?"

ಮಹಜರು ಮುಗಿಯಿತು. ಪಂಚರು ಒಪ್ಪಿದರು. ಕೀರ್ತಿಕುಮಾರ್ ಮಾಳವಿಕಾಳ ಮುಂದೆ ಸಮಿತಿಯ ಪರವಾಗಿ ಕೈಮುಗಿದರು. ಮೇಷ್ಟ್ರು ಶಾಲು ತೆಗೆಯುವುದನ್ನೂ ಮರೆತು ಅವಳ ಮುಂದೆ ನಿಂತು, "ಮೊದಲ ದಿನವೇ ಹೇಳಬೇಕಿತ್ತಮ್ಮಾ. ಹೇಡಿ ನಾನು. ಕ್ಷಮಿಸು" ಎಂದರು. "ಟ್ರಾನ್ಸ್‌ಫರ್ ವಾಪಸ್ ತಗೋತೀನಿ ಸರ್. ಇಂಥದ್ದೆಲ್ಲ ಮೈಸೂರಲ್ಲಿ ನೋಡೋಕೆ ಸಿಗಲ್ಲ" ಎಂದಳು ಅವಳು. ಎಂಟು ಗಂಟೆಯ ಬಸ್ಸು ಕುಶಾಲನಗರಕ್ಕೆ ಸುಂದರಿಯಿಲ್ಲದೆ ಹೋಯಿತು.

ಮನೆಗೆ ಬಂದ ಮೇಲೆ ಸುಂದರಿ ಮೊದಲು ಸೀರೆಯ ಕಲೆ ನೋಡಿದರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವಾದ್ದರಿಂದ ಮೇಷ್ಟ್ರಿಗೆ ಇನ್ನೂ ಏನೋ ಉಳಿದಿದೆಯೆಂದು ಗೊತ್ತಾಯಿತು.

"ನಿಮಗೆ ಹೆಣ್ಣಿನ ಮುಖ ಬೇಕಿತ್ತು. ಮನೇಲಿ ಒಂದಿತ್ತಲ್ಲ, ಯಾಕೆ ಕೇಳ್ಲಿಲ್ಲ?"

ಮೇಷ್ಟ್ರು ಯೋಚಿಸಿದರು. ಒಳ್ಳೆಯ ಉತ್ತರಗಳು ನಾಲ್ಕಾರು ಹೊಳೆದವು. ಆದರೆ ಆ ದಿನ ಅವರು ನಿಜದ ದಾರಿ ಹಿಡಿದಿದ್ದರು.

"ಹೊಳೀಲೇ ಇಲ್ಲ ಸುಂದರೀ" ಎಂದರು. ಶೆಡ್ಡಿನಲ್ಲಿ ಆಗದಷ್ಟು ನಾಚಿಕೆ ಅವರಿಗೆ ಆಗ ಆಯಿತು.

"ಆ ಮಂಕಿ ಟೋಪಿ ಒಳಗಿರೋದು ಯಾರು?"

"ಯಾರೂ ಇಲ್ಲ. ಮೂಗು ಬಿಡಿಸೋಕೆ ಬರಲ್ಲ ಅಂತ..."

"ಒಳಗಿಂದ ಕೊರೀತಾರೆ ಅಂತ ಗೊತ್ತಿದ್ರೂ ಬಿಟ್ಟು ಹೋಗದೆ, ಕಣ್ಣಲ್ಲಿ ನೀರು ನೋಡಿದ ಕೂಡ್ಲೇ ಕರಗಿ, ಕೊನೆಗೆ ಕಾಫಿನೂ ಮಾಡಿ ಕೊಡೋರು ಈ ಮನೇಲಿ ಯಾರಿದ್ದಾರೆ?"

ತಾವು ಬರೆದ ಕಥೆ ಮೇಷ್ಟ್ರಿಗೆ ಆ ಕ್ಷಣದಲ್ಲಿ ಅರ್ಥವಾಯಿತು. ಬರೆದವರಿಗೆ ಕಥೆ ಅರ್ಥವಾಗುವುದು ಅಪರೂಪ.

ಸುಂದರಿ ಕುರ್ಚಿ ಎಳೆದು ದೀಪದ ಕೆಳಗೆ ಕೂತರು. "ಮಂಜುವೀರನ ಟೋಪಿ ತೆಗೀರಿ. ನನ್ನ ಮುಖ ಬಿಡಿಸಿ" ಎಂದರು.

ಮೇಷ್ಟ್ರು ಪೆನ್ಸಿಲ್ ಹಿಡಿದು ನೋಡಿದರು. ಕಣ್ಣಿನ ಪಕ್ಕದ ಗೆರೆಗಳು ಯಾವಾಗ ಬಂದವೋ ಅವರಿಗೆ ಗೊತ್ತಿರಲಿಲ್ಲ. ಗಲ್ಲದ ಮೇಲೊಂದು ಚಿಕ್ಕ ಗಾಯದ ಗುರುತಿತ್ತು, ಯಾವುದರದೆಂದು ಕೇಳಬೇಕಾಯಿತು. ಅವರೇ ತಂದ ಕುಕ್ಕರಿನದು ಅದು. ಬಹಳ ಹೊತ್ತು ಗೀಚಿ, ಅಳಿಸಿ, ಗೀಚಿ, ಕೊನೆಗೆ ಹಾಳೆಯನ್ನು ಮುಂದೆ ಹಿಡಿದರು.

ಸುಂದರಿ ನೋಡಿದರು. ಅವರ ಹುಬ್ಬು ಮೆಲ್ಲನೆ ಗಂಟಾಯಿತು.

"ಇದು ಯಾರು?"

"ನೀನೇ."

"ನನ್ನ ಹಾಗಿಲ್ಲ."

"ಇಲ್ಲ" ಎಂದು ಮೇಷ್ಟ್ರು ಒಪ್ಪಿಕೊಂಡರು. "ನೋಡಿ ಅಭ್ಯಾಸ ಇಲ್ಲ ನಂಗೆ."

ಸುಂದರಿ ಹಾಳೆಯನ್ನು ಇನ್ನಷ್ಟು ಹೊತ್ತು ನೋಡಿ, ಮಡಚದೆ ಮೇಜಿನ ಮೇಲಿಟ್ಟರು. "ಹಾಗಾದ್ರೆ ನಾಳೆನೂ ಕೂರ್ತೀನಿ" ಎಂದರು.

ಎರಡನೆಯ ಪುಸ್ತಕ ಯಾವಾಗ ಸಾರ್, ಎಂದು ಸುನಿಲ್ ಆಗಾಗ ಫೋನ್ ಮಾಡುತ್ತಾನೆ. ಹೀರೋ ಮುಖ ಇನ್ನೂ ಸರಿಯಾಗಿ ಬಂದಿಲ್ಲ ಎನ್ನುತ್ತಾರೆ ಮೇಷ್ಟ್ರು. ಅವಸರವೇನೂ ಇದ್ದಂತಿಲ್ಲ. ಸಂಜೆ ಕಾಫಿಯಾದ ಮೇಲೆ ದಿನಾ ಕೂತು ನೋಡುತ್ತಿದ್ದಾರೆ.